ಇಷ್ಟವಿದ್ದವರು ಒಂದು ಹೆಜ್ಜೆ ಮುಂದೆ

ಆಲ್ಡರ್ ಕ್ರೀಕ್‌ನಲ್ಲಿ ವರ್ಷಕ್ಕೆ ಎರಡು ಸಲ ಊರಪಡೆಯ ಕವಾಯತು. ಹದಿನೆಂಟು ದಾಟಿದ, ನಲವತ್ತೈದು ಮೀರದ ಗಂಡಸರೆಲ್ಲ ಬಂದೂಕು ಹೊತ್ತು ಪ್ರೂಯಿಟ್‌ನ ಹೆಂಡದಂಗಡಿಯ ಮುಂದಿನ ಬಯಲಿಗೆ ಬಂದು ಸಾಲಾಗಿ ನಿಲ್ಲಬೇಕು. ಬಂದೂಕು ಇಲ್ಲದವನು ಮುಸುಕಿನ ಜೋಳದ ದಂಟನ್ನೇ ಹೆಗಲಿಗೇರಿಸಿ ಬಂದರೂ ಯಾರೂ ಕೇಳುತ್ತಿರಲಿಲ್ಲ. ಒಂದು ಗಂಟೆ ಎಡ-ಬಲ ಅಂತ ತಿರುಗುವುದು, ಮೂರು ಗಂಟೆ ವಿಸ್ಕಿ ಕುಡಿಯುವುದು. ನ್ಯೂಯಾರ್ಕ್ ರಾಜ್ಯವನ್ನು ಕಾಯುತ್ತಿದ್ದ ಪಡೆ ಇದೇ.

೧೮೧೨ರ ಯುದ್ಧದ ಆಮೇಲಿನ ವರ್ಷಗಳಲ್ಲಿ ಆ ಸಾಲಿನಲ್ಲಿ ಪೀಪಾಯಿ ಕಟ್ಟುವ ಜೋತಮ್ ಟಟಲ್‌ನದೊಂದು ವಿಚಿತ್ರ. ಕ್ಯಾಪ್ಟನ್ "ಇಷ್ಟ ಇದ್ದೋರು" ಅಂತ ಬಾಯಿ ತೆರೆಯುವಷ್ಟರಲ್ಲಿ ಅವನು ಒಂದು ಹೆಜ್ಜೆ ಮುಂದೆ ಇಟ್ಟಾಗಿರುತ್ತಿತ್ತು. ಯಾತಕ್ಕೆ ಅಂತ ಕೇಳುತ್ತಿರಲಿಲ್ಲ. ಕೊಚ್ಚೆಗುಂಡಿ ತೋಡುವುದಕ್ಕೋ, ಸತ್ತ ಕುದುರೆಯನ್ನು ಎಳೆದು ಹಾಕುವುದಕ್ಕೋ, ಅವನ ಕಾಲು ಮೊದಲು ಹೋಗುತ್ತಿತ್ತು. ವಯಸ್ಸು ಮೀರಿ ಸಾಲಿನಿಂದ ಬಿಡುಗಡೆಯಾದ ಮೇಲೂ ಕವಾಯತಿನ ದಿನ ಬೇಲಿಯ ಹತ್ತಿರ ಬಂದು ನಿಂತು, ಆ ಮಾತು ಕಿವಿಗೆ ಬಿದ್ದರೆ ಒಂದು ಹೆಜ್ಜೆ ಮುಂದೆ ಇಡುತ್ತಿದ್ದ. ಹುಡುಗರು ನಗುತ್ತಿದ್ದರು. ಆ ಯುದ್ಧಕ್ಕೆ ಲೂಯಿಸ್ಟನ್ನಿಗೆ ಹೋಗಿ ಬಂದ ಹಳಬರು ಮಾತ್ರ ನೆಲ ನೋಡುತ್ತಿದ್ದರು. ನಗುವ ಯೋಗ್ಯತೆ ಅವರಿಗೆ ಇರಲಿಲ್ಲ, ಅದು ಅವರಿಗೂ ಗೊತ್ತಿತ್ತು.

ಜೋತಮ್‌ಗೆ ಇಪ್ಪತ್ತೆರಡು, ತಮ್ಮ ಈಬೆನ್‌ಗೆ ಏಳು ತುಂಬಿದ್ದಾಗ ಅಪ್ಪ-ಅಮ್ಮ ಇಬ್ಬರೂ ಒಂದೇ ವಾರದಲ್ಲಿ ಚಳಿಜ್ವರಕ್ಕೆ ಹೋದರು. ಆಮೇಲೆ ಆ ತಮ್ಮನಿಗೆ ಅಣ್ಣನೇ ತಾಯಿ, ಅಣ್ಣನೇ ತಂದೆ. ಗಂಜಿ ಕಾಯಿಸಿದ, ಮೂಗು ಒರೆಸಿದ, ಕಾಲ್ಚೀಲ ಹೆಣೆಯುವುದನ್ನೂ ಕಲಿತ. ಮದುವೆಯ ಮಾತು ಬಂದಾಗಲೆಲ್ಲ "ಇವನೊಬ್ಬ ದಡ ಸೇರಲಿ" ಅಂತ ಮುಂದೂಡಿದ. ಕೊನೆಗೆ ಕೇಳುವವರೂ ಕೇಳುವುದನ್ನು ಬಿಟ್ಟರು.

ಅವನಿಗೆ ಪೀಪಾಯಿ ಬಿಟ್ಟರೆ ಇದ್ದ ಇನ್ನೊಂದು ಹುಚ್ಚು ಕಾನೂನು. ಮನೆಯಲ್ಲಿ ಇದ್ದ ಅಚ್ಚಿನ ಕಾಗದ ಎರಡೇ: ಬೈಬಲ್ಲು, ಮತ್ತೊಂದು ಹಳೆಯ ಪಂಚಾಂಗದ ಹಾಳೆ. ಆ ಹಾಳೆಯಲ್ಲಿ ಊರಪಡೆಯ ವಿಷಯದ ಕಾನೂನು ಅಚ್ಚಾಗಿತ್ತು. ವಾಷಿಂಗ್ಟನ್ನಿನ ಒಕ್ಕೂಟ ಸರ್ಕಾರ ರಾಜ್ಯಗಳ ಊರಪಡೆಯನ್ನು ಕರೆಸಿಕೊಳ್ಳಬಹುದಾದದ್ದು ಮೂರೇ ಕೆಲಸಕ್ಕೆ: ಕಾನೂನು ನಡೆಸುವುದಕ್ಕೆ, ದಂಗೆ ಅಡಗಿಸುವುದಕ್ಕೆ, ದಾಳಿ ಬಂದರೆ ಹಿಮ್ಮೆಟ್ಟಿಸುವುದಕ್ಕೆ. ಅದರ ಕೆಳಗೆ ಪಂಚಾಂಗದವನು ತನ್ನ ಟಿಪ್ಪಣಿಯನ್ನೂ ಸೇರಿಸಿದ್ದ. ಆದ್ದರಿಂದ ಊರಪಡೆಯವನನ್ನು ದೇಶದ ಗಡಿ ದಾಟು ಎಂದು ಬಲವಂತ ಮಾಡುವಂತಿಲ್ಲ. ತಾನಾಗಿ ಹೋಗುವವನಿಗೆ ತಡೆಯೂ ಇಲ್ಲ.

ಈಬೆನ್ ಅಕ್ಷರ ಕಲಿತದ್ದು ಆ ಹಾಳೆಯಿಂದ. ಬೈಬಲ್ಲಿನ ಅಕ್ಷರ ಇರುವೆ ಸಾಲಿನ ಹಾಗೆ ಸಣ್ಣದು, ಹಾಳೆಯದು ದೊಡ್ಡದು. ಅದರಲ್ಲೂ ಕೊನೆಯ ಸಾಲಿನ ಮಾತುಗಳು ಚಿಕ್ಕವು, ಸುಲಭ. ಹುಡುಗ ಮೊದಲು ಕೂಡಿಸಿ ಓದಿದ ಸಾಲೇ ಅದು. ಒಲೆಯ ಮುಂದೆ ಕೂತು "ತಾ-ನಾ-ಗಿ ಹೋ-ಗು-ವ-ವ-ನಿ-ಗೆ" ಅಂತ ಬೆರಳಿಟ್ಟು ಎಳೆಯುತ್ತಿದ್ದ. ಅಣ್ಣ ಪೀಪಾಯಿಯ ಹಲಗೆ ಹೆರೆಯುತ್ತ ತಪ್ಪಿದಲ್ಲಿ ತಿದ್ದುತ್ತಿದ್ದ.

ಬೆಳೆದ ತಮ್ಮ ಯುದ್ಧದ ವರ್ಷದ ವಸಂತದಲ್ಲಿ ಊರಪಡೆಯನ್ನು ಬಿಟ್ಟು ಒಕ್ಕೂಟದ ಸಂಬಳದ ಸೈನ್ಯಕ್ಕೆ ಹೆಸರು ಕೊಟ್ಟು ಬಂದ. ಸೇವೆ ಮುಗಿದ ಮೇಲೆ ನೆಲ ಕೊಡುತ್ತಾರಂತೆ, ಅಣ್ಣನಿಗೂ ಅಲ್ಲೊಂದು ಮನೆ ಕಟ್ಟಬಹುದು ಅನ್ನುವುದು ಅವನ ಲೆಕ್ಕ. ಜೋತಮ್ ಮೂರು ದಿನ ಮಾತು ಬಿಟ್ಟ. ನಾಲ್ಕನೆಯ ದಿನ ಮಾತಾಡಿದ, ಆಡದಿದ್ದರೇ ಚೆನ್ನಾಗಿತ್ತು.

"ವಾಷಿಂಗ್ಟನ್ನಿನೋರಿಗೆ ಮಾರ್ಕೊಂಡ್ಯಲ್ಲೋ. ಈಗ ಅವರು ನಿನ್ನ ಚಂದ್ರಲೋಕಕ್ಕೆ ಬೇಕಾದ್ರೂ ಅಟ್ಟಬಹುದು. ಯಾರನ್ನ ಕೇಳ್ತೀಯ?"

"ನಿನ್ನ ಕೇಳ್ತೀನಣ್ಣ," ಅಂದ ಈಬೆನ್. "ಕಾನೂನು ಓದ್ಕೊಂಡಿರೋದು ನೀನೇ ತಾನೆ? ಬಂದು ಬಿಡಿಸ್ಕೋ."

ನಗುತ್ತಲೇ ಹೋದ. ಅಣ್ಣ ಬಾಗಿಲಿಗೂ ಬರಲಿಲ್ಲ.

ಬೇಸಿಗೆಯಲ್ಲಿ ಬ್ರಿಟನ್ನಿನ ಮೇಲೆ ಯುದ್ಧ ಸಾರಿದರು. ಶರತ್ಕಾಲಕ್ಕೆ ಆಲ್ಡರ್ ಕ್ರೀಕ್‌ನ ಊರಪಡೆಗೂ ಕರೆ ಬಂತು. ಹೆಂಡದಂಗಡಿಯ ಅಮಾಸಾ ಪ್ರೂಯಿಟ್‌ನೇ ಕ್ಯಾಪ್ಟನ್. ಐವತ್ತು ಜನ ನಡೆದು ನಯಾಗರಾ ಹೊಳೆಯ ದಡದ ಲೂಯಿಸ್ಟನ್ ಸೇರಿದರು. ಎದುರು ದಡದಲ್ಲಿ ಕೆನಡಾ, ಅಂದರೆ ಬ್ರಿಟಿಷರ ನೆಲ. ನಡುವೆ ಇನ್ನೂರು ಮುನ್ನೂರು ಗಜ ನೀರು, ಆದರೆ ಅದರ ಸೆಳೆತ ಎತ್ತನ್ನೂ ಉರುಳಿಸುವಂಥದ್ದು.

ಡೇರೆ ಸಾಲದು, ಕಂಬಳಿ ಸಾಲದು, ಅರ್ಧ ಜನಕ್ಕೆ ಕಾಲಿಗೆ ಜೋಡಿಲ್ಲ. ವಾರಗಟ್ಟಲೆ ಸುರಿದ ಮಳೆಗೆ ಎಲ್ಲರಿಗೂ ಭೇದಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಹಾಗೆ ಮೇಲಿನವರು ಕೆನಡಾ ಗೆಲ್ಲುವ ಮಾತಾಡುತ್ತಿದ್ದರು. ಜನಕ್ಕೆ ಮನೆಗೆ ಹೋಗುವ ಆಸೆ, ಬಾಯಿಬಿಟ್ಟು ಹೇಳಲು ನಾಚಿಕೆ.

ಆಗ ಜೋತಮ್ ಟೋಪಿಯಿಂದ ಆ ಹಾಳೆ ತೆಗೆದ. ಸಂಜೆಯಾದರೆ ಬೆಂಕಿಯ ಸುತ್ತ ಅವನದೇ ಪುರಾಣ. ಓದುವಾಗ ಹಾಳೆಯ ಕೆಳತುದಿಯನ್ನು ಹಿಂದಕ್ಕೆ ಮಡಚಿ ಹಿಡಿಯುತ್ತಿದ್ದ. ಕೊನೆಯ ಸಾಲು ಮಡಿಕೆಯ ಆಚೆ ಹೋಗುತ್ತಿತ್ತು. ಬೇಕೆಂದೇ ಹಾಗೆ ಮಾಡಿದನೋ? ನನ್ನನ್ನು ಕೇಳಿದರೆ, ಮೊದಲ ಸಲ ಕೈ ತಾನಾಗಿ ಮಡಚಿತು, ಜನ ತಲೆದೂಗಿದ್ದನ್ನು ಕಂಡ ಮೇಲೆ ಅವನೇ ಮಡಚಿದ. ಊರಿನಲ್ಲಿ ಅವನ ಮಾತಿಗೆ ಯಾರೂ ಕಿವಿ ಕೊಟ್ಟಿರಲಿಲ್ಲ. ಇಲ್ಲಿ ಪಕ್ಕದ ಊರುಗಳ ತುಕಡಿಯವರೂ ಬಂದು ಕೂರುತ್ತಿದ್ದರು. ಅವರ ಹೆದರಿಕೆಗೆ ಹಾಕಿಕೊಳ್ಳಲು ಒಂದು ಒಳ್ಳೆಯ ಅಂಗಿ ಬೇಕಿತ್ತು, ಜೋತಮ್ ಹೊಲಿದು ಕೊಟ್ಟ.

"ಅಂದ್ರೆ ಈ ದಡದ ತನಕ ನಾವು ಸಿಪಾಯಿಗಳು," ಅಂದ ಕಮ್ಮಾರ ಸೈಲಸ್ ಕಲ್ವರ್. ತುಕಡಿಯಲ್ಲಿ ಬಾಯಾಳಿ ಅವನೇ. "ನೀರಿಗೆ ಕಾಲಿಟ್ಟ ಗಳಿಗೆ ಬರೀ ಕಮ್ಮಾರ, ಅಷ್ಟೇ ತಾನೆ ಲಾಯರಪ್ಪ?"

"ಅಷ್ಟೇ. ದೇವರು ಬಂದು ಹೇಳಿದ್ರೂ ದಾಟಿಸೋ ಹಾಗಿಲ್ಲ."

ಅಕ್ಟೋಬರ್ ಹದಿಮೂರರ ಬೆಳಗಿನ ಜಾವ ಒಕ್ಕೂಟದ ಸಿಪಾಯಿಗಳು ದಾಟಲು ಶುರು ಮಾಡಿದರು. ಹನ್ನೆರಡು ಹದಿಮೂರು ದೋಣಿ, ಅವೇ ಹೋಗಿ ಬಂದು ಮಾಡಬೇಕು. ಈಬೆನ್‌ನ ತುಕಡಿ ಲೂಯಿಸ್ಟನ್ನಿಗೆ ಬಂದು ವಾರವಾಗಿತ್ತು. ಒಮ್ಮೆಯೂ ಅಣ್ಣ ಹೋಗಿ ಮಾತಾಡಿಸಿರಲಿಲ್ಲ, ತಮ್ಮನೇ ಬರಲಿ ಅಂತ ಬಿಗುಮಾನ. ಈಗ ದೋಣಿ ಹತ್ತುವ ಸಾಲಿನಲ್ಲಿ ಕಂಡ. ಈಬೆನ್ ಟೋಪಿ ಎತ್ತಿ ಬೀಸಿದ. ಜೋತಮ್ ಕೈ ಎತ್ತುವಷ್ಟರಲ್ಲಿ ದೋಣಿ ಮಂಜಿನೊಳಗೆ ಹೋಗಿತ್ತು.

ಹೊತ್ತೇರುವಷ್ಟರಲ್ಲಿ ನಮ್ಮವರು ಎದುರಿನ ಗುಡ್ಡ ಹಿಡಿದರು. ಈ ದಡದಲ್ಲಿ ಎಲ್ಲರೂ ಟೋಪಿ ಹಾರಿಸಿದರು, ಗೆದ್ದವರು ತಾವೇ ಅನ್ನುವ ಹಾಗೆ. ಊರಪಡೆಯಲ್ಲಿ ಕೆಲವರು ತಾವಾಗಿ ದಾಟಿದ್ದೂ ಉಂಟು. ಆಮೇಲೆ ದೋಣಿಗಳು ಗಾಯಾಳುಗಳನ್ನು ತಂದು ಇಳಿಸತೊಡಗಿದವು. ಕೈ ಇಲ್ಲದವನು, ದವಡೆ ಇಲ್ಲದವನು. ಅವರ ಕೂಗು ಕೇಳಿ ದಡದಲ್ಲಿದ್ದವರ ಟೋಪಿಗಳು ತಲೆಗೆ ವಾಪಸು ಬಂದವು. ಆಚೆ ಕಾಡಿನಿಂದ ಬ್ರಿಟಿಷರ ಕಡೆ ಸೇರಿದ್ದ ಮೊಹಾಕ್ ಬುಡಕಟ್ಟಿನವರ ರಣಕೂಗು ಎದ್ದಿತು. ಅವರ ನೆಲ ನುಂಗಿ ಕೂತವರು ನಾವು, ಅವರ ಸಿಟ್ಟಿಗೆ ಕಾರಣ ಹುಡುಕಬೇಕಾಗಿರಲಿಲ್ಲ. ಆದರೆ ಆ ಕೂಗಿಗೆ ಐವತ್ತು ಜನ ಒಟ್ಟಿಗೆ ಒಂದು ಹೆಜ್ಜೆ ಹಿಂದೆ ಸರಿದದ್ದು ಸುಳ್ಳಲ್ಲ.

ಮಧ್ಯಾಹ್ನ ಜನರಲ್ ಕುದುರೆ ಮೇಲೆ ಬಂದ. ಗುಡ್ಡದ ಮೇಲಿಂದ ತಾನೇ ಇಳಿದು, ದೋಣಿಯಲ್ಲಿ ಬಂದವನು. ಬಟ್ಟೆಯೆಲ್ಲ ಕೆಸರು. ತುಕಡಿಯಿಂದ ತುಕಡಿಗೆ ಹೋಗಿ ಬೇಡಿದ, ಅಪ್ಪಣೆ ಮಾಡಲಿಲ್ಲ.

"ಸಾವಿರ ಜನ ಆಚೆ ಇದ್ದಾರಪ್ಪ. ಬ್ರಿಟಿಷರಿಗೆ ಹೊಸ ಪಡೆ ಬರ್ತಿದೆ. ನೀವು ಅರ್ಧ ಜನ ದಾಟಿದ್ರೂ ಸಾಕು, ಅವರು ಉಳ್ಕೋತಾರೆ."

ಕ್ಯಾಪ್ಟನ್ ಪ್ರೂಯಿಟ್ ತನ್ನ ಬೂಟು ನೋಡಿಕೊಂಡ. ಐವತ್ತು ಜನರ ಕಣ್ಣೂ ಜೋತಮ್‌ನ ಕಡೆ ತಿರುಗಿದವು. ಅವನು ಮುಂದೆ ಬಂದ. ತಮ್ಮ ಆಚೆ ಇರುವುದು ಅವನಿಗೆ ಮರೆತಿರಲಿಲ್ಲ. ಗುಡ್ಡ ಗೆದ್ದಾಗಿದೆ, ಸಂಬಳದ ಸೈನ್ಯ ತನ್ನ ಕೆಲಸ ತಾನು ನೋಡಿಕೊಳ್ಳುತ್ತದೆ ಅಂದುಕೊಂಡಿದ್ದ. ಅದಕ್ಕಿಂತ ಹೆಚ್ಚಾಗಿ, ಇಡೀ ದಡ ತನ್ನ ಬಾಯಿ ನೋಡುತ್ತಿದೆ ಅನ್ನುವುದು ತಲೆಗೇರಿತ್ತು. ಹಾಳೆ ತೆಗೆದ, ತುದಿ ಮಡಚಿದ, ಗಟ್ಟಿಯಾಗಿ ಓದಿದ.

"ಮೂರೇ ಕೆಲಸ ಸಾಹೇಬ್ರೇ. ಆಚೆ ಹೋಗಿ ದಾಳಿ ಮಾಡೋದು ಈ ಮೂರರಲ್ಲಿ ಎಲ್ಲಿದೆ, ತೋರ್ಸಿ. ನಾವು ರಾಜ್ಯದ ಜನ. ಗಡಿ ತನಕ ನಮ್ಮ ಜೀವ ನಿಮ್ದು. ಗಡಿ ಆಚೆ ನಮ್ದು."

ಜನರಲ್ ಕುದುರೆಯ ಮೇಲಿಂದ ಅವನ ಕಡೆ ಬಗ್ಗಿದ. "ನಿನ್ನವರು ಅಂತ ಯಾರೂ ಆಚೆ ಇಲ್ವೇನಪ್ಪ?" ಅಂದ. ಉತ್ತರಕ್ಕೆ ಕಾಯದೆ ಕುದುರೆ ತಿರುಗಿಸಿದ. ಹಿಂದಿನಿಂದ ಜನ ಜೋತಮ್‌ನ ಬೆನ್ನು ತಟ್ಟಿದರು. ಅವನು ಹಾಳೆಯನ್ನು ಟೋಪಿಯೊಳಗೆ ಸೇರಿಸಿದ.

ಗಂಟೆ ಕಳೆದಿರಲಿಲ್ಲ, ಕೊನೆಯ ದೋಣಿ ಬಂತು. ಭುಜಕ್ಕೆ ಗುಂಡು ಬಿದ್ದ ಒಬ್ಬ ಸಿಪಾಯಿ ದಡಕ್ಕೆ ಕಾಲಿಟ್ಟವನೇ ಆಲ್ಡರ್ ಕ್ರೀಕ್‌ನವರು ಯಾರು ಅಂತ ಕೇಳುತ್ತ ಬಂದ.

"ಟಟಲ್ ಅನ್ನೋರು? ಈಬೆನ್ ಹೇಳಿ ಕಳಿಸ್ದ. ಅವನಿಗೆ ತೊಡೆಗೆ ಬಿದ್ದಿದೆ. ಕೆಳಗೆ ನೀರಿನ ಅಂಚಿಗೆ ತಂದು ಕೂರ್ಸಿದೀವಿ. ದೋಣೀಲಿ ಇದ್ದದ್ದು ಒಂದೇ ಜಾಗ. ನಾನು ಹೋಗಲ್ಲ ಅಂದೆ, ಅವನು ಕೇಳಲಿಲ್ಲ. ನಮ್ಮಣ್ಣ ಆ ದಡದಲ್ಲೇ ಇದಾನೆ, ನನಗೆ ಮುಂದಿನ ದೋಣಿ ಗ್ಯಾರಂಟಿ ಅಂದ."

ಜೋತಮ್ ತಿರುಗಿ ನೋಡಿದ. ದೋಣಿ ನಡೆಸುವವರು ಹುಟ್ಟು ಎಸೆದು ಕಾಡಿನ ಕಡೆ ಓಡುತ್ತಿದ್ದರು. ಮುಂದಿನ ದೋಣಿ ಅನ್ನುವುದು ಇರಲಿಲ್ಲ.

ಎದುರು ದಡದಲ್ಲಿ, ಕಡಿದಾದ ಗುಡ್ಡದ ಬುಡದಲ್ಲಿ, ಕಡ್ಡಿಯಷ್ಟು ಸಣ್ಣಗೆ ಜನ ಕಾಣುತ್ತಿದ್ದರು. ಯಾರೋ ಒಬ್ಬ ಕೂತಲ್ಲಿಂದಲೇ ಟೋಪಿ ಬೀಸುತ್ತಿದ್ದ. ಈಬೆನ್ ಇರಬಹುದು, ಇನ್ನಾರೋ ಇರಬಹುದು. ಜೋತಮ್ ಬಂದೂಕು ಎಸೆದ. ಹೊಳೆಯೊಳಕ್ಕೆ ಸೊಂಟದ ತನಕ ಹೋದ, ಈಜಿ ದಾಟುವ ನೀರಲ್ಲ ಅಂತ ಗೊತ್ತಾಗಿ ವಾಪಸು ಬಂದ. ಅವರು ಬಿಟ್ಟು ಓಡಿದ ದೋಣಿ ದೊಡ್ಡದು, ಹುಟ್ಟು ಹಾಕಲು ಕಡಿಮೆ ಅಂದರೂ ನಾಲ್ಕು ಜನ ಬೇಕು. ತನ್ನವರ ಹತ್ತಿರ ಓಡಿದ.

"ನಾಲ್ಕು ಜನ ಬನ್ರೋ. ಈಬೆನ್ ಅಲ್ಲೇ ಅಂಚಿನಲ್ಲಿ ಕೂತಿದಾನೆ. ಗುಡ್ಡ ಹತ್ತೋದು ಬೇಡ, ಗುಂಡು ಹಾರ್ಸೋದು ಬೇಡ. ಹೋಗಿ ಎತ್ತಾಕ್ಕೊಂಡು ಬರೋದು ಅಷ್ಟೇ."

ಯಾರೂ ಅಲ್ಲಾಡಲಿಲ್ಲ. ಈಬೆನ್‌ನನ್ನು ಎತ್ತಿ ಆಡಿಸಿದವರು, ಅವನ ಕೈಯಿಂದ ಪೀಪಾಯಿ ಕೊಂಡವರು.

"ನೀನೇ ಅಲ್ವೇನಯ್ಯ ಹೇಳಿದ್ದು," ಅಂದ ಸೈಲಸ್. ಮೊದಲು ಹಲ್ಲು ಬಿಟ್ಟುಕೊಂಡೇ ಅಂದ. "ನೀರಿಗೆ ಕಾಲಿಟ್ರೆ ನಾನು ಬರೀ ಕಮ್ಮಾರ."

"ಸೈಲಸ್, ತಮಾಷೆ ಬೇಡ. ಕೈ ಮುಗೀತೀನಿ."

"ತಮಾಷೆ ಅಲ್ಲ ಜೋತಮ್. ನನಗೆ ಮೂರು ಮಕ್ಳು. ದಾಟೋದು ತಪ್ಪು ಅಂತ ಹದಿನೈದು ದಿನ ಓದಿ ಹೇಳ್ದೆ, ನಾನು ನಂಬಿದೆ. ಈಗ ನಿನ್ನ ತಮ್ಮ ಅಂದ ತಕ್ಷಣ ಸರಿ ಆಗೋಯ್ತಾ?"

ಜೋತಮ್ ಕ್ಯಾಪ್ಟನ್ ಪ್ರೂಯಿಟ್‌ನ ತೋಳು ಹಿಡಿದ. "ಅಮಾಸಾ, ನೀನು ಅಪ್ಪಣೆ ಕೊಡು."

"ಹೆಂಗೆ ಕೊಡ್ಲಪ್ಪ? ಜನರಲ್ಲಿಗೇ ಅಧಿಕಾರ ಇಲ್ಲ ಅಂತ ಎಲ್ರ ಮುಂದೆ ಓದಿದೀಯ. ನಾನು ಹೆಂಡ ಮಾರೋನು."

ಆಗ ಜೋತಮ್ ಹಾಳೆ ತೆಗೆದ. ಮಡಿಕೆ ಬಿಚ್ಚಿದ. ಒಬ್ಬೊಬ್ಬರ ಮುಖದ ಮುಂದೆಯೂ ಹಿಡಿದ.

"ಇಲ್ಲಿ ನೋಡ್ರೋ, ಕೊನೇ ಸಾಲು ನೋಡ್ರಿ. ತಾನಾಗಿ ಹೋಗುವವನಿಗೆ ತಡೆ ಇಲ್ಲ. ಕಾನೂನೇ ಬಿಡುತ್ತೆ. ಇಷ್ಟ ಇದ್ದೋರು ಹೋಗಬಹುದು. ಯಾರಾದ್ರೂ ನಾಲ್ಕು ಜನ ಇಷ್ಟಪಟ್ರೆ ಸಾಕು."

ಅವರಲ್ಲಿ ಓದು ಬರುತ್ತಿದ್ದದ್ದು ಪ್ರೂಯಿಟ್‌ಗೆ ಮಾತ್ರ. ಅವನು ತುಟಿ ಅಲ್ಲಾಡಿಸುತ್ತ ಸಾಲನ್ನು ಓದಿದ. ಇನ್ನೊಮ್ಮೆ ಓದಿದ.

"ಜನರಲ್ ಮುಂದೆ ಓದಿದಾಗ ಈ ಸಾಲು ಎಲ್ಲಿ ಹೋಗಿತ್ತು ಜೋತಮ್?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಬಿಟ್ಟ ಮಾತಿನ ಗತಿಯೂ ಅದೇ. ಸೈಲಸ್ ಮುಖ ತಿರುಗಿಸಿದ. ಹಿಂದಿನ ಸಾಲಿನವರು ಒಬ್ಬೊಬ್ಬರಾಗಿ ಕೂತರು. ಒಂದು ತಿಂಗಳ ಹಿಂದೆ ಕೇಳಿದ್ದರೆ ಅವರಲ್ಲಿ ಹತ್ತು ಜನ ಬರುತ್ತಿದ್ದರು, ಇದನ್ನು ನಾನು ಆಣೆ ಇಟ್ಟು ಹೇಳಬಲ್ಲೆ. ಅವರು ಕೆಟ್ಟವರಲ್ಲ. ಹೆದರಿದವರಿಗೆ ಹೆದರುವುದು ನ್ಯಾಯ ಅಂತ ಕಲಿಸಿಕೊಟ್ಟ ಮೇಲೆ ಅದನ್ನು ಬಿಡಿಸಲು ಒಂದು ಮಧ್ಯಾಹ್ನ ಸಾಲದು.

ಜೋತಮ್ ಒಬ್ಬನೇ ದೋಣಿ ತಳ್ಳಿದ. ಎರಡು ಹುಟ್ಟು ಹಿಡಿದು ನಡುವೆ ನಿಂತು ಹಾಕಿದ. ಐವತ್ತು ಗಜ ಹೋಗಿರಬಹುದು. ಸೆಳೆತ ದೋಣಿಯ ಮೂತಿಯನ್ನು ಹಿಡಿದು ತಿರುಗಿಸಿತು. ಅವನು ಬಲಕ್ಕೆ ಎಳೆದರೆ ಎಡಕ್ಕೆ, ಎಡಕ್ಕೆ ಎಳೆದರೆ ಸುತ್ತಿಕೊಂಡು ಹಿಂದಕ್ಕೆ. "ಈಬೆನ್, ಬಂದೆ ಕಣೋ, ಬಂದೆ" ಅಂತ ಅವನು ಕೂಗುತ್ತಿದ್ದದ್ದು ದಡದಲ್ಲಿದ್ದವರಿಗೆಲ್ಲ ಕೇಳುತ್ತಿತ್ತು. ಹೊಳೆ ಅವನನ್ನು ಅರ್ಧ ಮೈಲಿ ಕೆಳಕ್ಕೆ ಒಯ್ದು ಇದೇ ದಡದ ಕಲ್ಲುಗಳ ಮೇಲೆ ಹಾಕಿತು. ಒಂದು ಹುಟ್ಟು ಮುರಿದಿತ್ತು, ಅಂಗೈ ಸುಲಿದು ಹೋಗಿತ್ತು. ದೋಣಿಗೆ ಹಗ್ಗ ಕಟ್ಟಿ ಹೆಗಲ ಮೇಲೆ ಎಳೆಯುತ್ತ ಮೇಲಕ್ಕೆ ಬರತೊಡಗಿದ, ಇನ್ನೊಮ್ಮೆ ತಳ್ಳುವುದಕ್ಕೆ. ಸಹಾಯಕ್ಕೆ ಹೋದ ಪ್ರೂಯಿಟ್‌ನ ಕೈ ತಳ್ಳಿ ಹಾಕಿದ. ಅಷ್ಟರಲ್ಲಿ ಆಚೆ ಗುಂಡಿನ ಸದ್ದು ನಿಂತಿತು. ಯಾರೋ ಕತ್ತಿಯ ತುದಿಗೆ ಬಿಳಿ ಬಟ್ಟೆ ಕಟ್ಟಿ ಎತ್ತಿದ್ದರು. ನಮ್ಮವರೆಲ್ಲ ಶರಣಾಗಿದ್ದರು.

ಸೆರೆಸಿಕ್ಕವರ ಪಟ್ಟಿ ಬಂದಾಗ ಅದರಲ್ಲಿ ಈಬೆನ್ ಟಟಲ್ ಇರಲಿಲ್ಲ. ಬರೆದವರ ಕೈತಪ್ಪಿರಬಹುದು ಅಂತ ಜೋತಮ್ ಚಳಿಗಾಲವಿಡೀ ಕಾದ. ಮನೆಯ ಬಾಗಿಲಿಗೆ ಅಗುಳಿ ಹಾಕಲಿಲ್ಲ. ಎರಡು ಜೊತೆ ಕಾಲ್ಚೀಲ ಹೆಣೆದಿಟ್ಟ.

ಮರುವರ್ಷ ಹಿಮ ಕರಗಿದ ಮೇಲೆ ಸೆರೆಯಿಂದ ಬಿಡುಗಡೆಯಾದ ಸಾರ್ಜೆಂಟ್ ಲೆಮ್ಯುಯೆಲ್ ಸ್ಟ್ರಾಂಗ್ ಊರಿಗೆ ಹೋಗುವ ದಾರಿಯಲ್ಲಿ ಪೀಪಾಯಿ ಅಂಗಡಿಗೆ ಬಂದ. ಈಬೆನ್‌ನ ತುಕಡಿಯವನು. ಜೋತಮ್ ಸೇಬಿನ ರಸ ಬಗ್ಗಿಸಿ ಕೊಟ್ಟು ಎದುರು ಕೂತ. ಸ್ಟ್ರಾಂಗ್‌ಗೆ ಒಳ್ಳೆಯ ಸುದ್ದಿ ತಂದೆ ಅನ್ನುವ ನಂಬಿಕೆ. ಸತ್ತವನ ಕೊನೆ ಗಳಿಗೆ ಸಮಾಧಾನದಲ್ಲಿ ಕಳೆಯಿತು ಅಂತ ಮನೆಯವರಿಗೆ ತಿಳಿಯಲಿ ಅಂತಲೇ ಆರು ಮೈಲಿ ಸುತ್ತಿ ಬಂದಿದ್ದ.

"ನೋವು ಜಾಸ್ತಿ ಇರಲಿಲ್ಲಣ್ಣ. ರಕ್ತ ಹೋಗ್ತಾ ಇತ್ತು, ಅಷ್ಟೇ. ಮಧ್ಯಾಹ್ನದ ಹೊತ್ಗೆ ಡಾಕ್ಟ್ರ ಹತ್ರ ಸೇರಿಸಿದ್ರೆ ಉಳೀತಿದ್ದ. ಬೆನ್ನ ಮೇಲೆ ಹಾಕ್ಕೊಂಡು ಮೇಲಕ್ಕೆ ಹೊತ್ತೊಯ್ತೀನಿ ಬಾ, ಬ್ರಿಟಿಷರಲ್ಲೂ ಡಾಕ್ಟ್ರು ಇದಾರೆ ಅಂದೆ. ಒಪ್ಪಲಿಲ್ಲ. ದೋಣಿ ಬರುತ್ತೆ ಅಂದ. ಬರಲ್ಲ ಕಣಯ್ಯ, ಅವರು ಊರಪಡೆ, ದಾಟಲ್ಲ ಅಂತಿದಾರೆ ಅಂದೆ. ನಕ್ಕುಬಿಟ್ಟ."

ಸ್ಟ್ರಾಂಗ್ ಒಂದು ಗುಟುಕು ಕುಡಿದ.

"ನಿಮಗೆ ಕಾನೂನು ಗೊತ್ತಿಲ್ಲ ಸಾರ್ಜೆಂಟ್ರೇ ಅಂದ. ಬಲವಂತ ಮಾಡೋ ಹಾಗಿಲ್ಲ, ಆದ್ರೆ ತಾನಾಗಿ ಹೋಗೋನಿಗೆ ತಡೆ ಇಲ್ಲ. ನಮ್ಮಣ್ಣ ನನಗೆ ಅಕ್ಷರ ಕಲಿಸಿದ್ದೇ ಆ ಸಾಲಿಂದ. ಈಗ ಆ ದಡದಲ್ಲಿ ನಿಂತ್ಕೊಂಡು ಎಲ್ರಿಗೂ ಅದನ್ನೇ ಓದಿ ಹೇಳ್ತಿರ್ತಾನೆ, ನೋಡ್ತಿರಿ ಅಂದ. ಅದನ್ನೇ ಹೇಳ್ಕೋತಾ ಹೇಳ್ಕೋತಾ ಕಣ್ಣು ಮುಚ್ಚಿದ. ಮೂರು ಗಂಟೆ ಇರಬಹುದು."

ಜೋತಮ್ ದೋಣಿ ತಳ್ಳಿದಾಗಲೇ ಮೂರು ದಾಟಿತ್ತು.

"ಓದಿ ಹೇಳಿದ್ರಿ ಅಲ್ವಾ ಅಣ್ಣ?" ಅಂದ ಸ್ಟ್ರಾಂಗ್, ಪಾಪ, ಸಮಾಧಾನ ಮಾಡುವ ದನಿಯಲ್ಲಿ. "ಅವರೇ ಬರಲಿಲ್ಲ, ಅಷ್ಟೇ ತಾನೆ?"

"ಓದಿದೆ," ಅಂದ ಜೋತಮ್. "ಅದೊಂದು ಸಾಲು ಬಿಟ್ಟು ಓದಿದೆ."

ಸ್ಟ್ರಾಂಗ್ ಲೋಟವನ್ನು ಪೀಪಾಯಿಯ ಮೇಲಿಟ್ಟ. ಟೋಪಿ ತೆಗೆದುಕೊಂಡು ಎದ್ದ. ಅವನು ದಾರಿ ಸೇರುವ ಹೊತ್ತಿಗೆ ಒಳಗಿನಿಂದ ಹಲಗೆ ಹೆರೆಯುವ ಸದ್ದು ಶುರುವಾಯಿತು.